ಚೌಕಟ್ಟಿನ ಎಡ ಮೂಲೆ

ನನ್ನ ಗಂಡ ಕ್ಯಾಮೆರಾ ಅಂಗಡಿಗೆ ತಾನೂ ಬರುತ್ತೇನೆ ಎಂದಾಗಲೇ ನನ್ನ ಕಿವಿ ನೆಟ್ಟಗಾಯಿತು. ಬಾಡಿಗೆಗೂ ಮಾರಾಟಕ್ಕೂ ಇರುವ ಮನೆಗಳ ಫೋಟೋ ತೆಗೆಯುವುದು ನನ್ನ ಕೆಲಸ. ಈ ಕೆಲಸ ಹಿಡಿದಾಗಿನಿಂದ ಅವರು ನನ್ನ ಕ್ಯಾಮೆರಾ ಚೀಲವನ್ನು ದಾಟಿಕೊಂಡು ಓಡಾಡಿದ್ದಾರೆಯೇ ಹೊರತು ಒಮ್ಮೆಯೂ ಎತ್ತಿ ಕೊಟ್ಟವರಲ್ಲ. ಅವತ್ತು ಚೀಲ ಅವರ ಹೆಗಲ ಮೇಲಿತ್ತು.

ಅಂಗಡಿಯವರು ಎರಡು ಲೆನ್ಸ್ ಮುಂದಿಟ್ಟರು. ಒಂದು ಹತ್ತರಿಂದ ಹದಿನೆಂಟು ಎಂ.ಎಂ.ನದು, ಪ್ಲಾಸ್ಟಿಕ್ ಮೈ, ಅಂಗೈಯಲ್ಲಿ ಹಿಡಿಸುವಂಥದು. ಇನ್ನೊಂದು ಹದಿನಾರರಿಂದ ಮೂವತ್ತೈದರದು, ಯಾರೋ ಬಳಸಿ ಕೊಟ್ಟದ್ದು, ಲೋಹದ್ದು, ಒಳ್ಳೇ ಭಾರ.

"ಈ ಭಾರದ್ದು ದೊಡ್ಡ ಸೆನ್ಸರ್ ಕ್ಯಾಮೆರಾಗೆ ಮಾಡಿದ್ದು ಮೇಡಂ. ನಿಮ್ಮದರ ಸೆನ್ಸರ್, ಅಂದ್ರೆ ಒಳಗೆ ಚಿತ್ರ ಬೀಳೋ ಚಿಪ್, ಚಿಕ್ಕದು. ಹಾಕಬಹುದು, ಆದರೆ ಅಂಚೆಲ್ಲ ಕತ್ತರಿಸಿ ಹೋಗುತ್ತೆ, ಅಗಲ ಸಿಗಲ್ಲ. ಮುಂದೆ ದೊಡ್ಡ ಕ್ಯಾಮೆರಾ ತಗೊಂಡ್ರೆ ಉಪಯೋಗಕ್ಕೆ ಬರುತ್ತೆ. ಹಗುರದ್ದು ನಿಮ್ಮ ಕ್ಯಾಮೆರಾಗೇ ಅಂತ ಮಾಡಿದ್ದು."

ನನ್ನ ಗಂಡ ಕುಕ್ಕರಿನಿಂದ ಬೀಗದವರೆಗೆ ಎಲ್ಲವನ್ನೂ ಕೈಯಲ್ಲಿ ತೂಗಿ ನೋಡಿಯೇ ಕೊಳ್ಳುವವರು. ಭಾರವಿಲ್ಲದ್ದು ಅವರಿಗೆ ಮಾಲೇ ಅಲ್ಲ. ಅವರು ಲೋಹದ ಲೆನ್ಸನ್ನು ಮುಟ್ಟಲೂ ಇಲ್ಲ.

"ಈ ಹಗುರದ್ದರಲ್ಲಿ ಒಂದು ಚಿಕ್ಕ ರೂಮು ಪೂರ್ತಿ ಬರುತ್ತಾ? ಬಾಗಿಲಲ್ಲಿ ನಿಂತು ತೆಗೆದ್ರೆ?"

"ಚಿಕ್ಕ ರೂಮೇನು ಸಾರ್, ಬಚ್ಚಲುಮನೇನೂ ಮದುವೆ ಹಾಲ್ ಮಾಡಿಬಿಡುತ್ತೆ."

ಅವರು ಆ ಮಾತಿಗೆ ಬೇಕಾದ್ದಕ್ಕಿಂತ ಹೆಚ್ಚು ನಕ್ಕರು. ಯಾವ ಚಿಕ್ಕ ರೂಮು ಎಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಚಿಕ್ಕ ರೂಮು ಒಂದೇ. ಅಡುಗೆಮನೆಯ ಪಕ್ಕದ್ದು, ನನ್ನದು. ನನ್ನ ಮೇಜು, ಕುರ್ಚಿ, ಕಂಪ್ಯೂಟರು, ಎದುರು ಗೋಡೆಯ ಎಡ ಮೂಲೆಯಲ್ಲಿ ಬಾಗಿಲ ಕಡೆ ಓರೆಯಾಗಿ ನಿಲ್ಲಿಸಿದ ಕನ್ನಡಿ ಬಾಗಿಲಿನ ಬೀರು. ಬಾಗಿಲು ಹಾಕಿಕೊಂಡರೆ ಯಾರೂ ಏನೂ ಕೇಳದ ಜಾಗ ಈ ಮನೆಯಲ್ಲಿ ನನಗೆ ಅದೊಂದೇ.

ಹಳೆಯ ಗಿರಾಕಿ ಎಂದು ಅಂಗಡಿಯವರು ಎರಡನ್ನೂ ಒಂದು ದಿನದ ಮಟ್ಟಿಗೆ ಕೊಟ್ಟು ಕಳಿಸಿದರು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಗಂಡನ ಸಲಹೆ ಶುರುವಾಯಿತು.

"ನಿನ್ನ ರೂಮಲ್ಲೇ ತೆಗೆದು ನೋಡು. ಮೇಜು ಕುರ್ಚಿ ಆಚೆ ಇಡ್ತೀನಿ, ತಡಿ. ಖಾಲಿ ರೂಮಲ್ಲೇ ಲೆನ್ಸಿನ ಯೋಗ್ಯತೆ ಗೊತ್ತಾಗೋದು."

"ನಿಮಗೆ ಯಾರು ಹೇಳಿದ್ದು?"

"ಯಾರಾದ್ರೂ ಹೇಳ್ಬೇಕಾ? ಸಾಮಾನ್ಯ ಜ್ಞಾನ."

ಸೊಂಟ ನೋವೆಂದು ನೀರಿನ ಕ್ಯಾನ್ ಎತ್ತದ ಮನುಷ್ಯ ನನ್ನ ಮೇಜನ್ನು ಒಬ್ಬರೇ ಎಳೆದು ಹಾಲಿಗೆ ಹಾಕಿದರು.

ಬಾಗಿಲಲ್ಲಿ ನಿಂತು ಮೊದಲು ಭಾರದ ಲೆನ್ಸಿನಲ್ಲಿ ತೆಗೆದೆ. ಒಂದು ಕಿಟಕಿ, ಒಂದಿಷ್ಟು ಗೋಡೆ ಬಂತು. ಬೀರು ಚೌಕಟ್ಟಿನ ಹೊರಗೇ ಉಳಿಯಿತು. ಆಮೇಲೆ ಹಗುರದ್ದು ಹಾಕಿ ಹತ್ತಕ್ಕೆ, ಅಂದರೆ ಅದರ ಪೂರ್ತಿ ಅಗಲಕ್ಕೆ, ತಿರುಗಿಸಿದೆ. ಗೋಡೆಗಳು ಎರಡೂ ಕಡೆ ಸರಿದು ನಿಂತವು. ಅದು ನನ್ನ ರೂಮು ಎಂದು ನನಗೇ ನಂಬಿಕೆ ಬರಲಿಲ್ಲ.

ಅಗಲದ ಲೆನ್ಸಿನಲ್ಲಿ ತೆಗೆದ ಚಿತ್ರದ ನಡುಭಾಗವನ್ನು ನಾನು ಕೊನೆಗೆ ನೋಡುತ್ತೇನೆ, ಮೊದಲು ನಾಲ್ಕು ಮೂಲೆ. ಬೇಡದ್ದು ಬಂದು ಕೂರುವುದು ಅಲ್ಲೇ. ಯಾರದೋ ಕಾಲ್ಬೆರಳು, ಒಣಹಾಕಿದ ಲಂಗ, ಪೊರಕೆ. ಎಡ ಮೂಲೆಯನ್ನು ಹಿಗ್ಗಿಸಿದೆ. ಬೀರುವಿನ ಕನ್ನಡಿಯಲ್ಲಿ ನನ್ನ ಬೆನ್ನ ಹಿಂದಿನ ಹಾಲು ಕಾಣುತ್ತಿತ್ತು. ಗೋಡೆಗೆ ಒರಗಿಸಿಟ್ಟ ಹಳೆಯ ಮಂಚದ ಪಕ್ಕ ನನ್ನ ಗಂಡ ಮಂಡಿಯೂರಿದ್ದರು. ಕೈಯಲ್ಲಿ ಅಳತೆ ಟೇಪು.

ತಿರುಗಿ ನೋಡುವಷ್ಟರಲ್ಲಿ ಸೋಫಾದಲ್ಲಿ ಕೂತು ರಿಮೋಟ್ ಹುಡುಕುತ್ತಿದ್ದರು.

"ಚೆನ್ನಾಗಿ ಬಂತಾ? ಆ ಅಗಲದ್ದು ನನಗೊಂದು ಕಳಿಸು," ಎಂದರು.

ಕಳಿಸಿದೆ. ಯಾರಿಗೆ ಹೋಗುತ್ತದೆ ನೋಡೋಣ ಎಂದೇ ಕಳಿಸಿದೆ. ಪಾತ್ರೆ ತೊಳೆದು ಕೈ ಒರೆಸಿಕೊಳ್ಳುವ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ಗಂಡನ ಅಕ್ಕ. ನಾನೂ ಅವರನ್ನು ಅಕ್ಕ ಎಂದೇ ಕರೆಯುವುದು. ದರ್ಜಿ ಕೆಲಸ ಮಾಡಿಕೊಂಡು ಒಬ್ಬರೇ ಇದ್ದಾರೆ.

"ನಿನ್ನ ಗಂಡ ಫೋಟೋ ಕಳಿಸಿದಾನೆ, ಇದು ಯಾರ ಮನೆ ರೂಮೇ?" ಎಂದರು.

"ನಮ್ಮದೇ ಅಕ್ಕ."

"ನಾನಿರೋ ಮನೆ ಕೆಡವ್ತಾರಂತೆ. ಇವನು, ನಮ್ಮನೇಲಿ ಒಂದು ರೂಮು ಸುಮ್ಮನೆ ಬಿದ್ದಿದೆ, ಬಂದುಬಿಡು ಅಂದ. ಯಾರನ್ನೂ ಎಬ್ಬಿಸಿ ನಾನು ಕೂರಲ್ಲ, ಮೊದಲು ರೂಮು ತೋರಿಸು ಅಂದೆ. ಇದು ನೋಡಿದ್ರೆ ಸ್ಕೂಲು ನಡೆಸೋ ಹಾಗಿದೆ. ಅಡುಗೆಮನೆ ಪಕ್ಕದ್ದಲ್ವಾ? ನಿನ್ನ ಮೇಜೆಲ್ಲಿ?"

ಸುಮ್ಮನೆ ಬಿದ್ದಿದೆ. ಹಾಲಿನಲ್ಲಿ ಅಡ್ಡ ನಿಂತಿದ್ದ ನನ್ನ ಮೇಜಿನ ಕಡೆ ನೋಡಿದೆ.

"ಹಾಲಲ್ಲಿದೆ. ಇವತ್ತೇ ಹಾಕಿದ್ದು."

"ಹಾಗೆ ಹೇಳು. ನನ್ನ ತಮ್ಮ ಚಿಕ್ಕೋನಿದ್ದಾಗ್ಲೂ ಮಿಠಾಯಿ ಡಬ್ಬ ಖಾಲಿ ಮಾಡಿ ಮುಚ್ಚಳ ಒರೆಸಿ ಇಡ್ತಿದ್ದ. ನೀನು ಒಂದು ಕೆಲಸ ಮಾಡು. ಮೇಜು ವಾಪಸ್ ಹಾಕಿಸು. ನೀನು ಕೂತ್ಕೊ. ಅವನ ಕೈಲೇ ಫೋಟೋ ತೆಗೆಸು."

ಅವರಿಗೆ ನಿಜಕ್ಕೂ ಸೂರು ಬೇಕಾಗಿತ್ತು. ಅದು ಗೊತ್ತಿದ್ದೂ ಗಂಡನ ಕೈಲೇ ಮೇಜು ವಾಪಸ್ ಹಾಕಿಸಿ ನಾನು ಕುರ್ಚಿ ಎಳೆದುಕೊಂಡೆ.

ಕ್ಯಾಮೆರಾ ಹಿಡಿದ ಗಂಡ ನನ್ನ ಮುಖ ನೋಡಲಿಲ್ಲ. "ಯಾವ ಲೆನ್ಸು?"

"ನೀವೇ ಆರಿಸಿದ್ದು. ಅದೇ ಇರಲಿ."

ಕುರ್ಚಿಯಲ್ಲಿ ಕೂತು ಎರಡೂ ಕೈ ಚಾಚಿದೆ. ಬಲಗೈ ಗೋಡೆಗೆ ತಗುಲಿತು, ಎಡಗೈಗೂ ಮೇಜಿನಾಚೆಯ ಗೋಡೆಗೂ ನಡುವೆ ಒಂದು ಗೇಣು ಉಳಿಯಿತು. ಎಷ್ಟು ಅಗಲದ ಲೆನ್ಸಾದರೂ ಅದನ್ನು ಮುಚ್ಚಿಡಲಾರದು.

ಚಿತ್ರ ಹೋದ ಮೇಲೆ ಅಕ್ಕ ಮತ್ತೆ ಫೋನು ಮಾಡಿದರು. ಹಿಗ್ಗಿಸಿ ನೋಡಿದ್ದರೆಂದು ಕಾಣುತ್ತದೆ. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ.

"ಇಲ್ಲಿ ನೀನೊಬ್ಬಳೇ ಕಷ್ಟಪಟ್ಟು ಹಿಡಿಸ್ತೀಯ," ಎಂದರು. "ಅದಿರಲಿ, ಆ ಕನ್ನಡೀಲಿ ಕಾಣ್ತಿರೋದು ಏನು? ಒಳ್ಳೆ ವಿಶಾಲವಾಗಿದೆ."

"ಹಾಲು, ಅಕ್ಕ."

"ಆ ಕಿಟಕಿ ಪಕ್ಕ?"

"ಇವರ ಸೋಫಾ. ಇವರ ಟಿವಿ."

"ಓಹೋ. ಒಂದು ಮಂಚ, ಒಂದು ಹೊಲಿಗೆ ಮಷಿನ್ನು, ಅಡ್ಡಕ್ಕೊಂದು ಪರದೆ. ನನಗೆ ಅಷ್ಟು ಸಾಕು."

ಗಂಡ ಕ್ಯಾಮೆರಾ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು.

"ರೀ, ಆ ಟೇಪು ಎಲ್ಲಿಟ್ರಿ?" ಎಂದೆ.