ಇಲ್ಲದ ನಾಯಿಯ ವಾಕಿಂಗು

ಲಾಂಡ್ರಿಯಲ್ಲಿ ಹದಿನೆಂಟು ವರ್ಷ ಊರವರ ಬಟ್ಟೆಯ ಸುಕ್ಕು ತೆಗೆದ ಇಸ್ತ್ರಿಯಕ್ಕನಿಗೆ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಬಿಪಿ ಜಾಸ್ತಿ ಎಂದರು. ಅವಳ ಅಪ್ಪ ನಲವತ್ತೊಂಬತ್ತಕ್ಕೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ. ಹಾಗಾಗಿ ಮಾತು ಕೇಳಿದ ಕೂಡಲೇ ಬಿಪಿ ಇನ್ನೊಂದಿಷ್ಟು ಏರಿತು.

"ಟೆನ್ಷನ್ ಮಾಡ್ಕೋಬೇಡಿ."

"ನಾನೆಲ್ಲಿ ಮಾಡ್ಕೋತೀನಿ ಡಾಕ್ಟ್ರೇ, ಲಾಂಡ್ರಿ ಓನರ್ರೇ ಮಾಡಿ ಕೊಡ್ತಾರೆ. ಗಂಟೆಗೆ ಮೂವತ್ತು ಷರ್ಟು ಆಗ್ಲೇಬೇಕು."

"ದಿನಾ ಅರ್ಧ ಗಂಟೆ ನಡೀರಿ."

"ಹತ್ತು ಗಂಟೆ ನಿಂತೇ ಇರ್ತೀನಲ್ಲ?"

"ನಿಂತ್ರೆ ಆಗಲ್ಲಮ್ಮ, ನಡೀಬೇಕು. ಅದೂ ಬಿರುಬಿರನೆ," ಎಂದ ಡಾಕ್ಟರು ಮುಂದಿನ ಚೀಟಿಯನ್ನು ಕೂಗಿದರು. ಹೊರಗೆ ಇನ್ನೂ ಎಪ್ಪತ್ತು ಜನ ಕೂತಿದ್ದರು.

ಮರುದಿನ ಬೆಳಿಗ್ಗೆ ಆರಕ್ಕೆ ಅಕ್ಕ ಬೀದಿಗಿಳಿದಳು. ಬೀದಿಯಲ್ಲಿ ಫುಟ್‌ಪಾತ್ ಇರಲಿಲ್ಲವೆಂದಲ್ಲ. ಅದರ ಮೇಲೆ ಒಂದು ಗ್ಯಾರೇಜು, ಎರಡು ಗುಜರಿ ಅಂಗಡಿ, ಚಕ್ರವಿಲ್ಲದ ಒಂದು ವ್ಯಾನು ಸಂಸಾರ ಹೂಡಿದ್ದವು. ರಸ್ತೆಗಿಳಿದರೆ ಲಾರಿ. ಲಾರಿಯಿಂದ ತಪ್ಪಿಸಿಕೊಂಡರೆ ಬಾಯ್ದೆರೆದ ಚರಂಡಿ. ಐದೇ ನಿಮಿಷಕ್ಕೆ ಮೋರೆಯೆಲ್ಲ ಹೊಗೆ ಬಳಿದುಕೊಂಡು ವಾಪಸು ಬಂದಳು.

"ಇಲ್ಲಿ ನಡೆದ್ರೆ ಹಾರ್ಟು ಉಳಿಯುತ್ತೇನೋ ಅತ್ತೆ, ನಾನು ಉಳಿಯಲ್ಲ."

"ದೊಡ್ಡ ರಸ್ತೆ ಆಚೆ ಬಡಾವಣೇಲಿ ಪಾರ್ಕ್ ಇದ್ಯಲ್ಲೇ," ಎಂದರು ಅತ್ತೆ.

"ಗೇಟಲ್ಲಿ ವಾಚ್‌ಮನ್ ಯಾವ ಮನೆ ಅಂತ ಕೇಳ್ತಾನೆ. ನನ್ನ ಮುಖ ನೋಡಿದ್ರೆ ಸಾಕು, ಕೆಲಸದವ್ರಿಗೆ ಪಾರ್ಕಲ್ಲಿ ಏನು ಕೆಲ್ಸ ಅಂತಾನೆ."

ಅತ್ತೆ ತಲೆ ಕೆರೆದುಕೊಂಡರು. "ನಾಯಿ ಇರೋರನ್ನ ಯಾರೂ ಕೇಳಲ್ಲ ಕಣೇ."

ನಾಯಿ ಇರಲಿಲ್ಲ. ಆದರೆ ಯಾರೋ ಗಿರಾಕಿಯ ಬೆಡ್‌ಶೀಟಿನ ಗಂಟಿನಲ್ಲಿ ಸೇರಿ ಬಂದಿದ್ದ ಕೆಂಪು ನಾಯಿಪಟ್ಟಿಯೊಂದು ವಾರಸುದಾರರಿಲ್ಲದೆ ಲಾಂಡ್ರಿಯ ಮೊಳೆಗೆ ನೇತಾಡುತ್ತಿತ್ತು.

ಮರುದಿನ ಅಕ್ಕ ಆ ಪಟ್ಟಿ ಹಿಡಿದು ಗೇಟಿಗೆ ಧಾವಿಸಿದಳು. "ಅಣ್ಣಾ, ನಮ್ಮ ನಾಯಿ ಏನಾದ್ರೂ ಒಳಗೆ ನುಗ್ಗಿತಾ?"

ವಾಚ್‌ಮನ್ ಬೆಚ್ಚಿಬಿದ್ದ. ನಾಯಿ ಕಳೆದುಹೋದರೆ ಬೈಸಿಕೊಳ್ಳುವವನು ಅವನೇ. "ಬನ್ನಿ ಮೇಡಂ, ಬೇಗ ನೋಡಿ!"

ಹುಟ್ಟಿದ್ದಾರಭ್ಯ ಯಾರೂ ಅವಳನ್ನು ಮೇಡಂ ಎಂದಿರಲಿಲ್ಲ. ಆ ಹುರುಪಿನಲ್ಲೇ ಒಂದು ಸುತ್ತು ಹಾಕಿದಳು. ನೆರಳು, ಮೆತ್ತನೆಯ ಮಣ್ಣಿನ ದಾರಿ, ತಿರುಗಿಸಿದರೆ ನಿಜವಾಗಿಯೂ ನೀರು ಬರುವ ನಲ್ಲಿ! ಎರಡನೇ ಸುತ್ತಿನಲ್ಲಿ ನಿವೃತ್ತ ಜಡ್ಜೊಬ್ಬರು ಅಡ್ಡ ಬಂದರು.

"ನಾಯಿ ಕಳೆದುಹೋಯ್ತೇನಮ್ಮ? ಏನು ಹೆಸರು?"

ಅಕ್ಕನ ಕಣ್ಣ ಮುಂದೆ ಬಂದದ್ದು ಷರ್ಟುಗಳೇ. "ಕಾಲರ್," ಎಂದಳು.

"ಕಾಲರ್ ನಿನ್ನ ಕೈಲೇ ಇದ್ಯಲ್ಲಮ್ಮ. ನಾಯಿ ಹೆಸರು ಕೇಳಿದ್ದು."

"ನಾಯಿ ಹೆಸರೇ ಕಾಲರ್ ಸಾರ್."

"ಬಣ್ಣ?"

"ಇಸ್ತ್ರಿ ಸೀದು ಹೋದ ಬಿಳಿ ಷರ್ಟಿನ ಬಣ್ಣ."

ಜಡ್ಜು ತೀರ್ಪು ಕೊಡುವ ದನಿಯಲ್ಲಿ ಇಡೀ ಪಾರ್ಕಿಗೆ ಕೇಳುವಂತೆ ಕೂಗಿದರು. ವ್ಯಾಯಾಮದ ಗುಂಪಿನವರು ಚಾಪೆ ಬಿಟ್ಟೆದ್ದರು. ಬೆಂಚಿಗೆ ಬೇರು ಬಿಟ್ಟಿದ್ದ ದಪ್ಪ ಹೆಂಗಸೊಬ್ಬರು ಪೊದೆಗಳಿಗೆ ಬಗ್ಗಿ ಬಗ್ಗಿ ನೋಡಿದರು. "ಕಾಲರ್! ಬಾರೋ ಕಾಲರ್!" ಎಂದು ಇಪ್ಪತ್ತು ಜನ ಅತ್ತಿಂದಿತ್ತ ಓಡಿದರು. ಸುಳ್ಳು ಹೇಳಿದವಳೇ ಸುಮ್ಮನೆ ನಿಲ್ಲುವಂತಿಲ್ಲವಲ್ಲ. ಎಲ್ಲರಿಗಿಂತ ಹೆಚ್ಚು ಓಡಿದವಳು ಅಕ್ಕ.

ಅಷ್ಟರಲ್ಲಿ ಜಡ್ಜು, ಮೈಯೆಲ್ಲ ತರಗೆಲೆ ಮೆತ್ತಿಕೊಂಡು, ಕಂದು ಬಣ್ಣದ ನಾಯಿಯೊಂದನ್ನು ಎತ್ತಿಕೊಂಡು ಬಂದರು. "ಸಿಕ್ಕಿಬಿಟ್ಟ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ನಾಯಿಯ ಮುಖ ನೋಡಿದಳು. ನಾಯಿ ಅಕ್ಕನ ಮುಖ ನೋಡಿತು. ಬೇರೆ ದಾರಿ ಕಾಣದೆ ಅವಳು ಪಟ್ಟಿ ಕಟ್ಟಿದಳು. ಬಂಧುಬಳಗವೇ ಇಲ್ಲದ ಆ ನಾಯಿ ಬಾಲ ಬಡಿದು ಒಪ್ಪಿಕೊಂಡಿತು.

ಗೇಟಿನ ಬಳಿ ವಾಚ್‌ಮನ್ ದನಿ ತಗ್ಗಿಸಿದ. "ಅಕ್ಕಾ, ಇದು ನಾಲ್ಕು ವರ್ಷದಿಂದ ನನ್ನ ಊಟದ ಡಬ್ಬಿ ನೆಕ್ಕೋ ನಾಯಿ."

ಅಕ್ಕ ಕೈ ಮುಗಿದಳು. "ತಪ್ಪಾಯ್ತಣ್ಣ. ಬಿಪಿ ಇದೆ, ನಡೀಬೇಕಂತೆ. ನಮ್ಮ ಬೀದೀಲಿ ಕಾಲಿಡೋಕೂ ಜಾಗ ಇಲ್ಲ."

ಅವನು ಅತ್ತಿತ್ತ ನೋಡಿ, ಜೇಬಿನಿಂದ ಮಡಿಸಿ ಮಡಿಸಿ ಜೀರ್ಣವಾದ ಅದೇ ಆಸ್ಪತ್ರೆಯ ಚೀಟಿ ತೆಗೆದ. "ನಂಗೂ ನಡೀರಿ ಅಂದಿದ್ದಾರೆ. ದಿನಕ್ಕೆ ಹನ್ನೆರಡು ಗಂಟೆ ಈ ಪಾರ್ಕ್ ಕಾಯ್ತೀನಿ, ಒಳಗೆ ಒಂದು ಸುತ್ತು ಹಾಕಿಲ್ಲ. ಗೇಟ್ ಬಿಟ್ರೆ ಸಂಬಳಕ್ಕೆ ಕತ್ರಿ."

ಅಕ್ಕನೂ ಸೆರಗಿನ ಗಂಟಿನಿಂದ ತನ್ನ ಚೀಟಿ ತೆಗೆದಳು. ಇಬ್ಬರೂ ಒಬ್ಬರ ಚೀಟಿ ಇನ್ನೊಬ್ಬರು ಓದಿದರು. ಅವನ ಬಿಪಿ ಅವಳಿಗಿಂತ ಹತ್ತು ಹೆಚ್ಚಿತ್ತು.

"ಅಣ್ಣಾ, ನನ್ನ ಸುತ್ತು ಮುಗೀತು," ಎಂದಳು ಅಕ್ಕ. "ಕಳೆದುಹೋದ ನಾಯೀನ ಮತ್ತೆ ಓಡಿಹೋಗದ ಹಾಗೆ ವಾಚ್‌ಮನ್ನೇ ಕರ್ಕೊಂಡು ತಿರುಗಿದ್ರೆ ಯಾರು ಬೇಡ ಅಂತಾರೆ? ಅದೂ ಡ್ಯೂಟಿನೇ. ಗೇಟು ನಾನು ನೋಡ್ಕೋತೀನಿ."

ಅವನು ಪಟ್ಟಿ ಹಿಡಿದನೋ ಇಲ್ಲವೋ, ನಾಯಿ ಕಿತ್ತುಕೊಂಡು ಓಡಿತು, ಅದರ ಹಿಂದೆ ಅವನೂ ಓಡಿದ. ಅವನ ಟೋಪಿ ಹಾರಿ ಗಿಡಕ್ಕೆ ಸಿಕ್ಕಿಕೊಂಡಿತು. ಜಡ್ಜು ಪಕ್ಕಕ್ಕೆ ಹಾರಿ "ಭೇಷ್!" ಎಂದರು. ಅಕ್ಕ ಅವನ ಕುರ್ಚಿಯಲ್ಲಿ ಕಾಲು ಚಾಚಿ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಲಾಂಡ್ರಿ ಬಾಗಿಲು ತೆರೆಯಲು ಇನ್ನೂ ಇಪ್ಪತ್ತು ನಿಮಿಷವಿತ್ತು.