ಒಂದು ತಾಸು ಯಾರೂ ಕರೆಯಬಾರದು

ಗಂಡನ ತಲೆಗೆ ಬಿಸಿ ರೊಟ್ಟಿ ಎಸೆದವಳು ಎಂದು ನಮ್ಮೂರು ತಂಬೂರಿನಲ್ಲಿ ನನಗೊಂದು ಹೆಸರು ಬಂದಿದೆ. ಎಸೆದದ್ದು ಸುಳ್ಳಲ್ಲ. ಆದರೆ ಯಾಕೆ ಎಸೆದೆ ಎಂದು ಒಬ್ಬರಾದರೂ ಕೇಳಬೇಕೋ ಬೇಡವೋ?

ಮಗ ಸುದೀಪನ ಮದುವೆ ಮುಂದಿತ್ತು. ಮದುವೆ ಅವನದು, ಕೆಡುವ ತಲೆ ಮಾತ್ರ ನನ್ನದು. ಬೆಳಗಾದರೆ ಸಾಕು, "ಶಿವಗಂಗಾ, ಟ್ರಂಕಿನ ಕೀಲಿ ಎಲ್ಲಿ?", "ಶಿವಗಂಗಾ, ಸೀರಿ ಅಂಗಡ್ಯಾವ ಫೋನ್ ಮಾಡ್ಯಾನ", "ಶಿವಗಂಗಾ, ಬೀಗರು ಬಂದಾರ, ಚಾ ಇಡು." ರಾತ್ರಿ ನಿದ್ದೆ ಇಲ್ಲ. ಸುಮ್ಮನೆ ಎದೆ ಡವಡವ ಹೊಡೆದುಕೊಳ್ಳುವುದು, ಸುಮ್ಮನೆ ಕಣ್ಣಲ್ಲಿ ನೀರು. ಆ ದಿನ ರೊಟ್ಟಿ ಬಡಿಯುತ್ತಿದ್ದೆ. ನಮ್ಮ ಮನೆಯವರು ಬಾಗಿಲಲ್ಲಿ ನಿಂತು, "ಲೇ, ನನ್ನ ಟಾವೆಲ್ ಎಲ್ಲೈತಿ?" ಅಂದರು. ಟಾವೆಲ್ ಅವರ ಹೆಗಲ ಮೇಲೇ ಇತ್ತು! ರೊಟ್ಟಿ ಯಾವಾಗ ನನ್ನ ಕೈ ಬಿಟ್ಟಿತೋ ನನಗೇ ಗೊತ್ತಾಗಲಿಲ್ಲ. ನೆಟ್ಟಗೆ ಹೋಗಿ ಅವರ ಬೋಳುತಲೆಯ ಮೇಲೆ ಕೂತಿತು. ಎಲ್ಲರೂ ನಕ್ಕರು. ನಾನು ಒಲೆಯ ಮುಂದೆ ಕೂತು ಗಳಗಳ ಅತ್ತುಬಿಟ್ಟೆ.

ನನ್ನ ಅತ್ತೆ ಮರೆವ್ವ ಬಂದು ಹಣೆ ಮುಟ್ಟಿ ನೋಡಿದರು. "ಗಾಳಿ ಸೋಕೇತಿ ಈಕಿಗೆ. ಲಿಂಬಿಹಣ್ಣು ತರ್ರಿ."

"ಗಾಳಿ ಅಲ್ಲ ಅತ್ತಿ, ನೀವೆಲ್ಲಾ ಸೋಕೀರಿ" ಅಂದೆ.

ಕಲಘಟಗಿಗೆ ಹೋಗಿ ತೋರಿಸಿದೆ. ಅಲ್ಲಿಯ ಲೇಡಿ ಡಾಕ್ಟರ್ ಮಾತ್ರ ಲಿಂಬೆಹಣ್ಣಿನ ಸುದ್ದಿ ತೆಗೆಯಲಿಲ್ಲ. "ಮನಸ್ಸು ದಣಿದೈತ್ರಿ ಅಕ್ಕಾರ. ಜ್ವರ ಬಂದ್ರ ಮಲಗತೀರಿಲ್ಲ? ಇದಕ್ಕೂ ಹಂಗ. ದಿನಾ ಒಂದ್ ತಾಸು ನಿಮ್ಮನ್ನ ಯಾರೂ ಕರೀಬಾರ್ದು. ಅಷ್ಟಾದ್ರೂ ನಿದ್ದಿ ಬರ್ಲಿಲ್ಲಂದ್ರ ಮುಚ್ಚಿಟ್ಕೋಬ್ಯಾಡ್ರಿ, ಮತ್ತ ಬರ್ರಿ" ಎಂದರು.

ಮನೆಗೆ ಬಂದು ಎಲ್ಲರನ್ನೂ ಕೂಡಿಸಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. "ಖರೇ ಐತಿ" ಎಂದರು ಅತ್ತೆ. "ಶಿವಗಂಗಾ, ಒಂದಿಷ್ಟ ನೀರು ಕೊಡ."

ಮಾಳಿಗೆ ಹತ್ತಿ ಕೂತೆ. ನನ್ನ ಹೆಸರು ಕೆಳಗಿನಿಂದ ಹತ್ತಿ ಬಂತು. ಗುಡಿಗೆ ಹೋದೆ. ಅಲ್ಲಿ ನೆರೆಮನೆಯ ಮಲ್ಲಕ್ಕ, "ಸೊಸಿಗೆ ಬಂಗಾರ ಏನೇನ ಹಾಕ್ತೀಯವಾ?" ಎಂದು ಶುರುವಿಟ್ಟಳು. ಕೊನೆಗೆ ಬಚ್ಚಲಮನೆಗೆ ಹೋಗಿ ಚಿಲಕ ಹಾಕಿಕೊಂಡೆ. ನಮ್ಮ ಮನೆಯವರು ಬಂದು ಬಾಗಿಲು ಬಡಿದರು.

"ಒಳಗ ಅದೀಯೇನ?"

"ಇಲ್ಲ!"

"ಮತ್ತ ಯಾರದಾರ ಒಳಗ?"

ಚಪ್ಪಲಿ ಮೆಟ್ಟಿ ಮನೆಯಿಂದ ಹೊರಬಿದ್ದೆ. ಎಲ್ಲಿಗೆ ಎಂದು ನನಗೂ ಗೊತ್ತಿರಲಿಲ್ಲ. ಊರ ಮುಂದೆ ಮಧ್ಯಾಹ್ನದ ಬಸ್ಸು ಖಾಲಿ ನಿಂತಿತ್ತು. ಹೆಣ್ಣುಮಕ್ಕಳಿಗೆ ಹೇಗೂ ಫ್ರೀ. ಹತ್ತಿ, ಆಧಾರ್ ಕಾರ್ಡು ತೋರಿಸಿ ಕಿಟಕಿಯ ಬಳಿ ಕೂತೆ. ಆ ಬಸ್ಸಿನ ಗಡಗಡದಲ್ಲಿ ಯಾರು ಕರೆದರೂ ಕೇಳುವಂತಿರಲಿಲ್ಲ. ಹೊಲ ಬಂತು, ಎಮ್ಮೆ ಬಂತು, ಗಿಡ ಬಂತು. ಯಾವುದೂ ನನ್ನನ್ನು ಕೀಲಿ ಕೇಳಲಿಲ್ಲ. ಹಾಂ, ಇದೇ ನೋಡು ಆ ಒಂದು ತಾಸು ಎಂದಿತು ಮನಸ್ಸು.

ಕಲಘಟಗಿಯಲ್ಲಿ ಕಂಡಕ್ಟರ್ ನದೀಮ್, "ಅಕ್ಕಾ, ಊರು ಬಂತು" ಅಂದ.

"ಬರಲಿ ಬಿಡು" ಅಂದೆ.

ಅದೇ ಬಸ್ಸಿನಲ್ಲಿ ಮರಳಿದೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಮರುದಿನ ಫೋನನ್ನು ಅಕ್ಕಿ ಡಬ್ಬಿಯಲ್ಲಿಟ್ಟು ಮತ್ತೆ ಹತ್ತಿದೆ. ಅದೇ ರೂಢಿಯಾಯಿತು. ಆದರೆ ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಬಿಚ್ಚಿದರೆ, "ಹೆಂಗೂ ಹೊಂಟೀಯಲ್ಲ, ಬರುವಾಗ ಅರಿಷಿಣ ತಾ, ದರ್ಜಿ ಅಂಗಡಿಗೆ ಹೋಗಿ ಬಾ" ಎನ್ನುತ್ತಿದ್ದರು. ನನ್ನ ಒಂದು ತಾಸು ಸಂತೆಗೆ ಹೋಗುತ್ತಿತ್ತು.

ಮಲ್ಲಕ್ಕ ಸುಮ್ಮನಿರುವವಳೇ? ಶಿವಗಂಗಾ ದಿನಾ ಕಲಘಟಗಿಯಲ್ಲಿ ಯಾವನೋ ಮಂತ್ರವಾದಿಯ ಹತ್ತಿರ ಹೋಗುತ್ತಾಳೆ ಎಂದು ಊರೆಲ್ಲ ಸುದ್ದಿ ಮಾಡಿದಳು. ಒಂದು ದಿನ ಹಿಂದಿನ ಸೀಟಿನಲ್ಲಿ ಮುಖಕ್ಕೆ ಟಾವೆಲ್ ಸುತ್ತಿಕೊಂಡ ಮನುಷ್ಯನೊಬ್ಬ ಬಂದು ಕೂತ. ಆ ಟಾವೆಲ್ಲನ್ನು ನಾನು ಗುರುತು ಹಿಡಿಯದೆ ಇನ್ಯಾರು ಹಿಡಿಯಬೇಕು?

"ಎಲ್ಲಿಗ್ರಿ ಕಾಕಾ?" ನದೀಮ್ ಕೇಳಿದ.

"ಆಕಿ ಎಲ್ಲಿ ಇಳೀತಾಳ, ಅಲ್ಲಿಗೆ."

"ಅಕ್ಕಾರು ಇಳ್ಯಂಗಿಲ್ರಿ. ಹೋಗ್ತಾರ, ಬರ್ತಾರ. ನೀವು ರೊಕ್ಕ ತಗೀರಿ, ಗಂಡಸರಿಗೆ ಫ್ರೀ ಇಲ್ಲ."

ಮನೆಯವರು ಟಾವೆಲ್ ಬಿಚ್ಚಿ ನನ್ನ ಬಾಜು ಬಂದು ಕೂತರು. "ಬರೇ ಕುಂದರಾಕ ಬರ್ತೀಯೇನ? ಮನ್ಯಾಗ ಕುಂದರಾಕ ಏನಾಗೇತಿ ನಿನಗ?"

"ಮನ್ಯಾಗ ನಾ ಕುಂತಿದ್ದು ನೀವು ಎಂದಾದ್ರೂ ನೋಡೀರೇನ್ರಿ?"

ಅವರು ಬಾಯಿ ತೆಗೆದರು, ನೆನಪು ಮಾಡಿಕೊಂಡರು, ಮುಚ್ಚಿದರು. ಪಾಪ, ಎಷ್ಟು ಹುಡುಕಿದರೂ ಸಿಕ್ಕಿರಲಿಕ್ಕಿಲ್ಲ.

ಆದರೆ ಮನೆ ಮುಟ್ಟಿದ ಮೇಲೆ ಎಲ್ಲ ಹೇಳಿಬಿಟ್ಟರು. ಅತ್ತೆ ಎಲೆ-ಅಡಿಕೆ ಜಗಿಯುತ್ತ ಪೂರ್ತಿ ಕೇಳಿಸಿಕೊಂಡು, "ನಾಳಿ ನಾನೂ ಬರ್ತೀನಿ" ಅಂದರು.

ಮನೆಯಲ್ಲಿ ನನ್ನ ಹೆಸರನ್ನು ಹೆಚ್ಚು ಸವೆಸಿದ ಬಾಯಿ ಅದೇ. ಆ ಬಾಯಿಯೇ ಬಸ್ಸು ಹತ್ತಿದರೆ ನನಗೆಲ್ಲಿಯ ತಾಸು? ಮುಗೀತು ನನ್ನ ಕಥೆ ಎಂದು ಆ ರಾತ್ರಿ ಮತ್ತೆ ಕಣ್ಣು ಬಿಟ್ಟುಕೊಂಡೇ ಬಿದ್ದಿದ್ದೆ.

ಮರುದಿನ ಅತ್ತೆ ಇಳಕಲ್ ಸೀರೆ ಉಟ್ಟು ಬಂದರು. ನನ್ನ ಬಾಜು ಕೂಡಲಿಲ್ಲ. ಮುಂದಿನ ಸೀಟಿಗೆ ಹೋಗಿ, ಕಿಟಕಿ ಹಿಡಿದು ಕೂತರು. ಈಗ ಕರೆಯುತ್ತಾರೆ, ಈಗ ಕರೆಯುತ್ತಾರೆ ಎಂದು ಕಾದೆ. ಕರೆಯಲಿಲ್ಲ. ಎಲೆ-ಅಡಿಕೆಯ ಚೀಲವನ್ನೂ ಬಿಚ್ಚಲಿಲ್ಲ. ಕಲಘಟಗಿ ಬಂತು, ಹೋಯಿತು. ಬರುವಾಗ ಗಾಳಿಗೆ ತಲೆಯ ಮೇಲಿನ ಸೆರಗು ಜಾರಿತು. ಜನ್ಮದಲ್ಲಿ ಸೆರಗು ಜಾರಗೊಡದ ಮುದುಕಿ ಅದನ್ನು ಎತ್ತಿಕೊಳ್ಳಲೂ ಇಲ್ಲ. ನನಗೆ ಹೆದರಿಕೆಯಾಗಿ, ತಂಬೂರು ಹತ್ತಿರವಾದಾಗ ಎದ್ದು ಹೋಗಿ ಭುಜ ಮುಟ್ಟಿದೆ.

"ಅತ್ತಿ, ಊರು ಬಂತು."

"ಬರಲಿ ಬಿಡ" ಅಂದರು, ಮುಖ ತಿರುಗಿಸದೆ. ಕಣ್ಣು ಒದ್ದೆಯಾಗಿತ್ತು.

ನಾನು ಸೊಸೆಯಾಗಿ ಬರುವ ಮೊದಲು ಆ ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಮರೆವ್ವ ಎಂಬ ಹೆಸರನ್ನು. ಅದು ನನ್ನ ತಲೆಗೆ ಹೊಳೆದದ್ದು ಆಗಲೇ.

"ಒಂದ್ ತಾಸು ಯಾರೂ ಕರೀಬಾರ್ದು ಅಂತ ನೀನ ಹೇಳಿದ್ದಿಲ್ಲೇನ?" ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮತ್ತ ಯಾಕ ಕರದಿ?"

ನಾನು ಹಿಂದಕ್ಕೆ ಹೋಗಿ ನನ್ನ ಸೀಟಿನಲ್ಲಿ ಕೂತೆ.