ಹನ್ನೊಂದನೆಯ ಮೆಟ್ಟಿಲು

ಎದೆಗೆ ಅಂಟಿಸಿದ್ದ ತಣ್ಣನೆಯ ಬಿಲ್ಲೆಗಳನ್ನು ನರ್ಸ್ ಒಂದೊಂದಾಗಿ ಕೀಳುತ್ತಿದ್ದಾಳೆ, ಪ್ರತಿ ಬಿಲ್ಲೆಗೂ ನಾಲ್ಕು ನರೆಗೂದಲು ಕಿತ್ತು ಬರುತ್ತದೆ, ಹಸುವಿನ ಕೆಚ್ಚಲಿನಿಂದ ಯಂತ್ರದ ಬಟ್ಟಲನ್ನು ನಾನು ಇದಕ್ಕಿಂತ ಮೃದುವಾಗಿ ಬಿಡಿಸುತ್ತೇನೆ ಅಂದುಕೊಂಡ ವೆಂಡೆಲಿನ್, ಹೇಳುವುದು ಯಾರಿಗೆ, ಐವತ್ತೆಂಟರ ಗಂಡಸನ್ನು ಅರೆಬೆತ್ತಲೆ ಮಾಡಿ ಎಲ್ಲಿಗೂ ಹೋಗದ ಸೈಕಲ್ಲಿನ ಮೇಲೆ ಕೂರಿಸಿ ತುಳಿಸಿದರು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಕಣ್ಣು ಮುಚ್ಚಿ ತುಳಿದ, ಮುಚ್ಚಿದ ಕಣ್ಣೊಳಗೆ ಆ ದೀಪ, ಹೊಗೆಯಲ್ಲಿ ಹಿಂದಕ್ಕೆ ತಿರುಗಿದ ಒಂದು ದೀಪ — ಅದನ್ನು ಬಿಡು, ಮೂವತ್ತೊಂದು ವರ್ಷ ಊರಿನ ಅಗ್ನಿಶಾಮಕ ದಳದ ಸೈರನ್ ಕೂಗಿದಾಗಲೆಲ್ಲ ಕರೆಯುತ್ತಿದ್ದ ಹಾಲನ್ನು ಅಲ್ಲೇ ಬಿಟ್ಟು ಓಡಿದ್ದಾನೆ, ಸಂಬಳ ಕೇಳಿದವನಲ್ಲ, ಉಸಿರಾಟದ ಮುಖವಾಡ ಕೆನ್ನೆಗೆ ಸಂದಿಲ್ಲದೆ ಕೂರಬೇಕೆಂದು ದಿನಾ ಬೆಳಗ್ಗೆ ಕೊಟ್ಟಿಗೆಗೆ ಹೋಗುವ ಮೊದಲೇ ಗಡ್ಡ ಬೋಳಿಸಿದ್ದಾನೆ, ಅಪ್ಪ ಸತ್ತ ದಿನವೂ ಬೋಳಿಸಿದ್ದ, ಊರವರು ಏನೆಂದರೋ ಏನೋ, ಈ ಡಾಕ್ಟರಿಗೆ ನೋಡಿದರೆ ಎದೆಯುದ್ದ ಗಡ್ಡ, ಆ ಗಡ್ಡ ಹೊತ್ತು ಒಂದು ಅಡುಗೆಮನೆಯ ಹೊಗೆಗೂ ನುಗ್ಗಲಾರದವನು ನನ್ನ ಉಸಿರಿಗೆ ಸಹಿ ಹಾಕಬೇಕಂತೆ.

ಹೃದಯ ಪರವಾಗಿಲ್ಲ ಯಜಮಾನ್ರೇ, ಅಂಚಿನಲ್ಲಿದೆ, ಆದ್ರೂ ಪಾಸು, ಅಂದ ಡಾಕ್ಟರು, ಆದ್ರೆ ಈ ಆರೋಗ್ಯದ ಪ್ರಶ್ನೆಗಳ ಅರ್ಜಿ ತುಂಬಿದವರು ಯಾರು, ನಿಮ್ಮೂರಿಂದ ಬಂದ ಆರು ಅರ್ಜೀಲೂ ಒಂದೇ ಕೈ, ಒಂದೇ ಪೆನ್ನು, ಎಲ್ಲದಕ್ಕೂ ಇಲ್ಲ ಇಲ್ಲ ಇಲ್ಲ. ಯಾರು ಅಂದರೆ, ದಳದ ಕಮಾಂಡರ್ ಕೊರ್ಬಿನಿಯನ್, ಮತ್ತಿನ್ಯಾರು, ನಮ್ಮೂರು ಹಿಂಟರ್‌ಮೋಸಿನಲ್ಲಿ ಕಾಗದ ಅಂದರೆ ಕೊರ್ಬಿನಿಯನ್ನನೇ, ಮೂರು ವರ್ಷಕ್ಕೊಮ್ಮೆ ಪಾನಗೃಹದ ಮೂಲೆ ಮೇಜಿನಲ್ಲಿ ಬಿಯರ್ ಲೋಟ ಬದಿಗೆ ಸರಿಸಿ ಆರನ್ನೂ ತಾನೇ ತುಂಬುತ್ತಾನೆ, ಅಸ್ತಮಾ ಇಲ್ಲ ತಾನೇ ನಿಂಗೆ, ಇದ್ರೂ ನಾಳೆಯಿಂದ ಇಲ್ಲ ಬಿಡು, ಎಲ್ಲರೂ ನಕ್ಕು ಕೆಳಗೆ ಸಹಿ ಎಳೆಯುತ್ತಾರೆ, ಹಳೇ ಡಾಕ್ಟರು ಇಷ್ಟು ವರ್ಷ ಮುದ್ರೆ ಒತ್ತಲಿಲ್ಲವೇ, ಇವನಿಗೇನು ಬಂತು ಈಗ ಹೊಸದಾಗಿ. ಹೊಸ ಅರ್ಜಿ ಮುಂದಿಟ್ಟು, ನಿಮ್ಮ ಕೈಯಿಂದ್ಲೇ ತುಂಬಿ, ನಂಬೋದು ನಿಮ್ಮನ್ನೇ, ಅಂದು ಡಾಕ್ಟರು ಪಕ್ಕದ ಕೋಣೆಗೆ ಹೋದ.

ನಂಬುತ್ತಾನಂತೆ. ನಂಬಿಕೆ ಬೇಕಿದ್ದರೆ ಒಂದು ಮಂಗಳವಾರ ಮಧ್ಯಾಹ್ನ ಹಿಂಟರ್‌ಮೋಸಿಗೆ ಬಂದು ನೋಡಲಿ, ಹರೆಯದವರೆಲ್ಲ ಕಾರ್ಖಾನೆಗೆ, ಪೇಟೆಗೆ, ಮುಖವಾಡ ಹಾಕಬಲ್ಲವರಲ್ಲಿ ಹಗಲು ಊರಲ್ಲಿ ಉಳಿಯುವವರು ಇಬ್ಬರೇ, ಹಸು ಬಿಟ್ಟು ಹೋಗಲಾಗದ ತಾನು, ಬೇಕರಿ ಬಿಟ್ಟು ಹೋಗಲಾಗದವಳು ಬುರ್ಗಿ, ಉರಿಯುವ ಮನೆಯೊಳಗೆ ಹೋದರೆ ಇಬ್ಬರೂ ಹೋಗಬೇಕು, ಒಬ್ಬರೇ ಹೋಗುವಂತಿಲ್ಲ, ಅದೂ ಕಾನೂನೇ, ತಾನಿಲ್ಲದಿದ್ದರೆ ಬುರ್ಗಿ ಗಾಳಿಯ ಸಿಲಿಂಡರ್ ಬೆನ್ನಿಗೆ ಹೊತ್ತು ಅಂಗಳದಲ್ಲಿ ನಿಲ್ಲಬೇಕು, ಪಕ್ಕದೂರಿನ ಗಾಡಿ ಬರಲು ಇಪ್ಪತ್ತು ನಿಮಿಷ, ಇಪ್ಪತ್ತು ನಿಮಿಷದಲ್ಲಿ ಒಂದು ಮನೆ ಏನಾಗುತ್ತದೆಂದು ಈ ಗಡ್ಡಕ್ಕೆ ಗೊತ್ತೇ, ಹುಲ್ಲಟ್ಟ ಹತ್ತಿಕೊಂಡರೆ ಹಸುಗಳ ಕೂಗು ಮೊದಲು ಜೋರಾಗಿ ಆಮೇಲೆ ನಿಂತೇಬಿಡುತ್ತದಲ್ಲ, ಆ ನಿಲ್ಲುವುದನ್ನು ಕೇಳಿದ್ದಾನೆಯೇ.

ಪೆನ್ನು ಎತ್ತಿಕೊಂಡ. ಅಸ್ತಮಾ, ಇಲ್ಲ. ಮೂರ್ಛೆ, ಇಲ್ಲ. ಕಿವಿ ಮಂದವೇ, ಹೆಂಡತಿ ಇದ್ದಿದ್ದರೆ ಬೇಕಾದ್ದು ಮಾತ್ರ ಕೇಳಿಸುತ್ತೆ ಅಂತ ಬರೀರಿ ಅನ್ನುತ್ತಿದ್ದಳು, ಇಲ್ಲ. ಬೆನ್ನು, ಮೊಣಕಾಲು, ಇಲ್ಲ, ಇಲ್ಲ, ನೋಡು ನನಗೂ ಬರೆಯಲು ಬರುತ್ತದೆ. ಆರನೆಯದು — ಕಳೆದ ಹನ್ನೆರಡು ತಿಂಗಳಲ್ಲಿ ಕೆಲಸದ ನಡುವೆ ಉಸಿರು ಸಾಲದೆ ನಿಂತದ್ದುಂಟೇ, ಹೌದು, ಇಲ್ಲ, ಎರಡು ಚೌಕ, ಎಂಥ ಪ್ರಶ್ನೆ, ಕೂತು ಬರೆಯುವವರು ಕೂತು ಕೇಳುವ ಪ್ರಶ್ನೆ, ಹುಲ್ಲು ಕೊಯ್ಯುವ ತಿಂಗಳಲ್ಲಿ ಯಾರಿಗೆ ಉಸಿರು ಸಾಲುತ್ತದೆ, ಹುಲ್ಲು ಕೊಯ್ಯುವ ತಿಂಗಳಲ್ಲೇ ಮರದ ಮಿಲ್ಲಿನವರ ಮನೆ ಹತ್ತಿಕೊಂಡದ್ದು, ಅಜ್ಜಿ ಮಹಡಿಯಲ್ಲಿದ್ದಾರೆ ಅಂತ ಕೆಳಗಿನಿಂದ ಕೂಗು, ಬುರ್ಗಿ ಮುಂದೆ, ತಾನು ಹಿಂದೆ, ಕತ್ತಲಲ್ಲಿ ಮೆಟ್ಟಿಲು ಎಣಿಸುತ್ತ ಹೋಗುವುದು ರೂಢಿ, ಒಂಬತ್ತು, ಹತ್ತು, ಹನ್ನೊಂದು, ಹನ್ನೊಂದರಲ್ಲಿ ಮೊಣಕಾಲು ತಾನಾಗಿಯೇ ಮಡಚಿಕೊಂಡಿತು, ಸಿಲಿಂಡರಿನಲ್ಲಿ ಗಾಳಿ ಬೇಕಾದಷ್ಟಿತ್ತು, ಎದೆ ತೆಗೆದುಕೊಳ್ಳಲಿಲ್ಲ ಅಷ್ಟೇ, ಮೇಲೆ ಬುರ್ಗಿಯ ಹೆಲ್ಮೆಟ್ಟಿನ ದೀಪ ಹಿಂದಕ್ಕೆ ತಿರುಗಿತು, ಅಜ್ಜಿ ಆಗಲೇ ಹಿಂಬಾಗಿಲಿನಿಂದ ಬಂದು ಕೋಳಿಗೂಡಿನ ಹತ್ತಿರ ನಿಂತಿದ್ದಳು, ಯಾರಿಗೂ ಏನೂ ಆಗಲಿಲ್ಲ, ಆಗಿದ್ದರೆ ಅಲ್ಲವೇ ಬರೆಯುವುದು. ಆಮೇಲೆ ಅಂಗಳದಲ್ಲಿ ಬುರ್ಗಿ ಮುಖವಾಡ ತೆಗೆದು ನೀರು ಕುಡಿದು, ಮೆಟ್ಲು ಕುಸಿಯೋ ಹಾಗಿತ್ತು, ಅದಕ್ಕೇ ನಿಂತ್ವಿ ಅಂತ ಕೊರ್ಬಿನಿಯನ್‌ಗೆ ಹೇಳಿದೀನಿ ಮುದುಕಪ್ಪಾ, ನೀನೂ ಹಂಗೇ ಹೇಳು, ಅಂದಳು, ಅವಳ ಮುಖದಲ್ಲಿ ನಗು ಇರಲಿಲ್ಲ.

ಮೆಟ್ಟಿಲು ಗಟ್ಟಿಯಾಗಿತ್ತು. ಓಕ್ ಮರದ್ದು, ಇವತ್ತಿಗೂ ಮಿಲ್ಲಿನವರು ಅದನ್ನೇ ಹತ್ತಿ ಇಳಿಯುತ್ತಾರೆ.

ಪಕ್ಕದ ಕೋಣೆಯಲ್ಲಿ ಡಾಕ್ಟರು ಯಾರಿಗೋ ಉಸಿರು ಒಳಗೆಳೆದುಕೊಳ್ಳಿ ಅನ್ನುತ್ತಿದ್ದಾನೆ, ತಾನೂ ಎಳೆದುಕೊಂಡ, ಇಲ್ಲ ಅಂತ ಬರೆದರೆ ಇನ್ನು ಮೂರು ವರ್ಷ ಮುಖವಾಡ, ಹೌದು ಅಂತ ಬರೆದರೆ ಬುರ್ಗಿ ಒಬ್ಬಳೇ ಅಂಗಳದಲ್ಲಿ, ಯಾಕೆ ನನ್ನ ಕೈಗೆ ಕೊಟ್ಟರು ಇದನ್ನು, ಕೊರ್ಬಿನಿಯನ್ನನೇ ಬರೆಯಲಿ, ಅವನಿಗೆ ಗೊತ್ತಿಲ್ಲ, ಗೊತ್ತಿಲ್ಲದವನ ಕೈಯಲ್ಲಿ ಇಲ್ಲ ಅನ್ನುವುದು ಎಷ್ಟು ಸುಲಭ, ಪೆನ್ನಿನ ತುದಿ ಚೌಕದ ಮೇಲೆ, ಕಾಗದದಲ್ಲಿ ಮಸಿಯ ಚುಕ್ಕೆ ಹರಡುತ್ತಿದೆ, ಮೇಲೆ ಹೋಗಬೇಕಾದ ದೀಪ ಅದು, ಅಜ್ಜಿ ಇದ್ದಾಳೆಂದು ಹೇಳಿದ ಬಾಗಿಲ ಕಡೆ ಹೋಗಬೇಕಾದದ್ದು, ಅದು ಹೊಗೆಯಲ್ಲಿ ಹಿಂದಕ್ಕೆ ತಿರುಗಿ, ಹನ್ನೊಂದನೆಯ ಮೆಟ್ಟಿಲಿನ ಮೇಲೆ, ತನ್ನ ಮುಖದ ಮೇಲೆ, ಅಲ್ಲಾಡದೆ, ಕಾಯುತ್ತ.